ಹೊರಿಸಿದವರು ಯಾರು?

‘ಪತ್ನಿಯನ್ನು ಕೊಂದ ಆರೋಪಿ ಬಂಧನ.’ ಕನ್ನಡ ಪತ್ರಿಕೆ ಓದುವವರಿಗೆ ಇದು ಹೊಸ ತಲೆಬರಹವಲ್ಲ. ಊರು ಬದಲಾಗುತ್ತದೆ, ಪತ್ನಿಯ ಜಾಗದಲ್ಲಿ ತಮ್ಮನೋ ಗೆಳೆಯನೋ ಬರುತ್ತಾನೆ, ವಾಕ್ಯದ ಅಚ್ಚು ಮಾತ್ರ ಅದೇ. ಕೊಂದ ಎಂದ ಮೇಲೆ ಆತ ಕೊಲೆಗಾರ. ಆರೋಪಿ ಎಂದ ಮೇಲೆ ಆತ ಕೊಂದನೋ ಇಲ್ಲವೋ ಇನ್ನು ಮುಂದೆ ತೀರ್ಮಾನವಾಗಬೇಕು. ಈ ಎರಡು ಮಾತು ಒಂದೇ ಉಸಿರಿನಲ್ಲಿ ಬರಲಾರವು. ಬಂದರೆ ಮೊದಲನೆಯದು ಎರಡನೆಯದನ್ನು ನುಂಗುತ್ತದೆ. ಓದುಗನ ಮನಸ್ಸಿನಲ್ಲಿ ಉಳಿಯುವುದು ‘ಕೊಂದ’ ಎಂಬುದೊಂದೇ.

ಸುದ್ದಿಮನೆಯಲ್ಲಿ ಈ ಮಾತೆತ್ತಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಆರೋಪಿ ಅಂತ ಹಾಕಿದ್ದೀವಲ್ಲ, ಏನೂ ಆಗಲ್ಲ ಬಿಡಿ.’ ಇದೊಂದು ನಂಬಿಕೆ. ಇಂಗ್ಲಿಷ್ ಸುದ್ದಿಮನೆಗಳ ‘ಅಲೆಜ್’ ಎಂಬ ಕ್ರಿಯಾಪದದ ಬೆನ್ನು ಹಿಡಿದು ಇಲ್ಲಿಗೂ ಬಂದದ್ದು. ವಾಕ್ಯದ ಮೊದಲಿಗೋ ನಡುವಿಗೋ ಒಂದು ‘ಅಲೆಜೆಡ್ಲಿ’ ಸೇರಿಸಿದರೆ ಯಾರ ಮೇಲೆ ಏನು ಬೇಕಾದರೂ ಬರೆಯಬಹುದು, ಮಾನನಷ್ಟದ ನೋಟಿಸು ಬಾಗಿಲಿಗೆ ಬರುವುದಿಲ್ಲ ಎಂಬುದು ಅದರ ಸಾರ. ಕನ್ನಡದಲ್ಲಿ ಆ ಕೆಲಸಕ್ಕೆ ‘ಎನ್ನಲಾಗಿದೆ’, ‘ಎನ್ನಲಾದ’, ‘ಆರೋಪಿಸಲಾಗಿದೆ’ ಎಂಬ ಮೂರು ಪದಗಳಿವೆ. ಟಿವಿ ವಾಹಿನಿಗಳು ಅಷ್ಟು ಕಷ್ಟವನ್ನೂ ಪಡುವುದಿಲ್ಲ. ‘ಕೊಂದೇಬಿಟ್ಟನಾ ಪತಿ?’ ಎಂದು ಒಂದು ದೀರ್ಘ, ಒಂದು ಪ್ರಶ್ನಾರ್ಥಕ ಚಿಹ್ನೆ. ಹಿಂದೆ ಫೋಟೋ, ಕೆಳಗೆ ಕೆಂಪು ಪಟ್ಟಿ. ಕೇಳಿದ್ದು ಪ್ರಶ್ನೆ, ಹೇಳಿದ್ದಲ್ಲ ಎಂಬ ಸಮಾಧಾನ.

ಈ ನಂಬಿಕೆ ಕಾನೂನಿನಲ್ಲಿ ನಿಲ್ಲುವುದಿಲ್ಲ, ಇಂಗ್ಲಿಷಿನಲ್ಲೂ ನಿಲ್ಲುವುದಿಲ್ಲ. ಕನ್ನಡದಲ್ಲಂತೂ ಅದಕ್ಕೆ ಕಾಲೂರಲು ಜಾಗವೇ ಇಲ್ಲ.

ಮೊದಲು ಆ ಇಂಗ್ಲಿಷ್ ಪದವನ್ನೇ ನೋಡಬೇಕು. ‘ಅಲೆಜ್’ ಹುಟ್ಟಿದ್ದು ಪತ್ರಿಕೆಗಳಲ್ಲಲ್ಲ, ನ್ಯಾಯಾಲಯದಲ್ಲಿ. ಮಧ್ಯಯುಗದ ಇಂಗ್ಲಿಷಿಗೆ ಅದು ಬಂದಾಗ ಇದ್ದ ಅರ್ಥ, ನ್ಯಾಯಾಧೀಶರ ಮುಂದೆ ನಿಂತು ಒಂದು ಮಾತನ್ನು ವಿಧಿವತ್ತಾಗಿ ಹೇಳುವುದು. ಹೇಳಿದವನು ಅಲ್ಲೇ ನಿಂತಿರುತ್ತಿದ್ದ, ಆ ಮಾತಿಗೆ ಅವನೇ ಹೊಣೆ. ‘ಇನ್ನೂ ಸಾಬೀತಾಗದ ಮಾತು’ ಎಂಬ ಅರ್ಥ ಆಮೇಲೆ ಗಟ್ಟಿಯಾಯಿತು. ಆದರೆ ಹೊಣೆ ಹೊತ್ತವನೊಬ್ಬ ಇರಬೇಕೆಂಬುದು ಕಳಚಿಹೋಗಲಿಲ್ಲ. ಇವತ್ತಿಗೂ ಚೆನ್ನಾಗಿ ಇಂಗ್ಲಿಷ್ ಬರೆಯುವವರು ಈ ಪದವನ್ನು ‘ಹೇಳು’ ಎಂಬುದರ ಬದಲಿಗೆ ಬಳಸುವುದಿಲ್ಲ. ಒಬ್ಬಾತ ತಾನು ಬೆಟ್ಟ ಹತ್ತಿದೆ ಎಂದರೆ ಅದು ‘ಕ್ಲೇಮ್’. ಇನ್ನೊಬ್ಬ ತನ್ನ ದುಡ್ಡು ಹೊಡೆದ ಎಂದರೆ ಅದು ‘ಅಲೆಜ್’. ಎರಡನೆಯದರಲ್ಲಿ ಒಂದು ತಪ್ಪಿದೆ, ತಪ್ಪು ಹೊತ್ತವನಿದ್ದಾನೆ, ಹೊರಿಸಿದವನಿದ್ದಾನೆ, ಇನ್ನೂ ಬಾರದ ಪುರಾವೆಯೊಂದಿದೆ. ಈ ನಾಲ್ಕರಲ್ಲಿ ಒಂದು ಬಿಟ್ಟುಹೋದರೂ ಪದ ಕುಂಟುತ್ತದೆ.

ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ ಜಗತ್ತಿನ ಎಷ್ಟೋ ಸುದ್ದಿಮನೆಗಳ ಮೇಜಿನ ಮೇಲಿದೆ. ಈ ಪದವನ್ನು ಎಚ್ಚರದಿಂದ ಬಳಸಿ ಎನ್ನುವ ಆ ಕೈಪಿಡಿ ಕೇಳುವುದು ಆರೋಪದ ಮೂಲವನ್ನು. ಹೇಳಿದವರು ಯಾರು? ಪೊಲೀಸರೇ, ದೂರುದಾರರೇ, ದೋಷಾರೋಪ ಪಟ್ಟಿಯೇ? ಅದನ್ನು ಬರೆಯಿರಿ, ವರದಿಗಾರನೇ ಆರೋಪ ಮಾಡುತ್ತಿರುವಂತೆ ಕಾಣಬಾರದು ಎನ್ನುತ್ತದೆ. ಅಂದರೆ ಇಂಗ್ಲಿಷಿನಿಂದ ತಂದೆವು ಎಂದುಕೊಂಡ ಗುರಾಣಿ ಇಂಗ್ಲಿಷಿನವರ ಬಳಿಯೇ ಇಲ್ಲ.

ಕಾನೂನಿನ ಮಾತು ಇನ್ನೂ ನೇರ. 1958ರ ಡಿಸೆಂಬರಿನಲ್ಲಿ ಲಂಡನ್ನಿನ ಎರಡು ಪತ್ರಿಕೆಗಳು ಒಂದು ರಬ್ಬರ್ ಕಂಪನಿಯ ವ್ಯವಹಾರವನ್ನು ವಂಚನೆ ತನಿಖಾ ದಳ ವಿಚಾರಿಸುತ್ತಿದೆ ಎಂದು ಬರೆದವು. ಕಂಪನಿಯ ಮುಖ್ಯಸ್ಥ ಲೂಯಿಸ್ ಮೊಕದ್ದಮೆ ಹೂಡಿದರು. ಅದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಲೂಯಿಸ್ ವಿರುದ್ಧ ಡೈಲಿ ಟೆಲಿಗ್ರಾಫ್ ಎಂದು ಹೆಸರಾದ ಆ ಪ್ರಕರಣದಲ್ಲಿ ಲಾರ್ಡ್ ಡೆವ್ಲಿನ್ ಹೇಳಿದ ಸಂಗತಿ ಇಷ್ಟು: ‘ನನಗೆ ಯಾರೋ ಹೇಳಿದರು’, ‘ಹೀಗೊಂದು ಸುದ್ದಿಯಿದೆ’ ಎಂಬ ಮುನ್ನುಡಿಯ ಹಿಂದೆ ಅಡಗಿ ಮಾನಹಾನಿಯ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಇನ್ನೊಬ್ಬರ ನಿಂದೆಯನ್ನು ಮರುನುಡಿದವನು ತಾನೇ ನಿಂದಿಸಿದಂತೆ. ಅದೇ ತೀರ್ಪಿನಲ್ಲಿ ಇನ್ನೊಂದು ಪಾಠವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ತನಿಖೆ ನಡೆಯುತ್ತಿದೆ ಎಂದರೆ ತಪ್ಪು ಮಾಡಿದ್ದಾರೆ ಎಂದು ಸಾಮಾನ್ಯ ಓದುಗ ತಿಳಿಯುವುದಿಲ್ಲ ಎಂದೇ ಲಾರ್ಡ್‌ಗಳು ತೀರ್ಮಾನಿಸಿದರು. ತನಿಖೆ ನಡೆಯುತ್ತಿರುವುದು ನಿಜವಾದರೆ ‘ತನಿಖೆ ನಡೆಯುತ್ತಿದೆ’ ಎಂದು ಬರೆಯಲು ಅಡ್ಡಿಯಿಲ್ಲ. ‘ವಂಚಿಸಿದ್ದಾರೆ ಎನ್ನಲಾಗಿದೆ’ ಎಂದು ಬರೆದರೆ ಸಾಬೀತುಪಡಿಸಬೇಕಾದದ್ದು ವಂಚನೆಯನ್ನೇ. ಬರೆದವನನ್ನು ಕಾಯುವುದು ಅಳತೆಗೆ ಸರಿಯಾಗಿ ಬರೆದ ಸಂಗತಿ. ಬಾಲಕ್ಕೆ ಅಂಟಿಸಿದ ಕ್ರಿಯಾಪದ ಕಾಯುವುದಿಲ್ಲ.

ಭಾರತದ ಕಾನೂನಿನ ಮಾತೂ ಬೇರೆಯಲ್ಲ. ಹಳೆಯ ದಂಡ ಸಂಹಿತೆಯ 499ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಾಗಿದೆ. ಅದು ಶಿಕ್ಷಿಸುವುದೇ ಒಬ್ಬರ ಹೆಸರು ಕೆಡುವಂಥ ಆಪಾದನೆಯನ್ನು ಮಾಡುವುದನ್ನು ಅಥವಾ ಪ್ರಕಟಿಸುವುದನ್ನು. ಎರಡು ವರ್ಷದವರೆಗೆ ಸಾದಾ ಸಜೆಗೂ ಅವಕಾಶವಿದೆ. ‘ನಾವು ಪ್ರಕಟಿಸಿದ್ದು ಬರೀ ಆಪಾದನೆ’ ಎಂದು ವಾದಿಸುವವರು ಕಲಮು ನಿಷೇಧಿಸಿದ ಕೆಲಸವನ್ನೇ ತಮ್ಮ ರಕ್ಷಣೆಯೆಂದು ಮುಂದಿಡುತ್ತಿದ್ದಾರೆ. ವ್ಯಂಗ್ಯವಾಗಿ ಹೇಳಿದರೂ, ಹೀಗೋ ಹಾಗೋ ಎಂದು ಎರಡು ಆಯ್ಕೆಯ ರೂಪದಲ್ಲಿ ಹೇಳಿದರೂ ಆಪಾದನೆ ಆಪಾದನೆಯೇ ಆಗಬಹುದು ಎಂದು ಆ ಕಲಮಿನ ವಿವರಣೆಯಲ್ಲಿದೆ. ಟಿವಿಯ ಪ್ರಶ್ನಾರ್ಥಕ ಚಿಹ್ನೆಯನ್ನು ನೆಚ್ಚಿಕೊಂಡವರು ಒಮ್ಮೆ ಅದನ್ನು ಓದಬೇಕು. ಕಾನೂನು ನಿಜವಾಗಿ ರಕ್ಷಣೆ ಕೊಡುವುದು ಬೇರೆ ಕಡೆ: ನ್ಯಾಯಾಲಯದ ಕಲಾಪದ ನಿಜವಾದ ವರದಿಗೆ, ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ, ಸದ್ಭಾವನೆಯಿಂದ ಕೊಟ್ಟ ದೂರಿಗೆ.

ಇನ್ನು ಕನ್ನಡ. ‘ಆರೋಪ’ ಎಂಬುದರ ಬೇರಿನಲ್ಲಿರುವುದು ಏರಿಸುವ ಕ್ರಿಯೆ. ಆರೋಹಣದಲ್ಲಿರುವ ಧಾತುವೇ ಇಲ್ಲೂ ಇದೆ. ಒಂದರ ಮೇಲೆ ಇಲ್ಲದ್ದನ್ನು ಏರಿಸಿ ನೋಡುವುದಕ್ಕೆ ವೇದಾಂತಿಗಳು ಅಧ್ಯಾರೋಪ ಎಂದರು. ಹಗ್ಗದ ಮೇಲೆ ಹಾವನ್ನು ಕಂಡಂತೆ. ಕನ್ನಡಿಗರು ಆರೋಪ ‘ಹೊರಿಸು’ತ್ತಾರೆ, ತಲೆಯ ಮೇಲೆ ಗೂಬೆ ‘ಕೂರಿಸು’ತ್ತಾರೆ. ಎಲ್ಲವೂ ಪ್ರೇರಣಾರ್ಥಕ ಕ್ರಿಯೆಗಳೇ. ಗೂಬೆ ತಾನಾಗಿ ಬಂದು ಕೂರುವುದಿಲ್ಲ, ಕೂರಿಸಿದ ಕೈಯೊಂದು ಇರುತ್ತದೆ ಎಂಬ ತಿಳಿವಳಿಕೆ ಈ ನುಡಿಯ ವ್ಯಾಕರಣದಲ್ಲೇ ಇದೆ. ‘ಆರೋಪಿಸಲಾಗಿದೆ’ ಎಂಬ ಕರ್ಮಣಿ ಪ್ರಯೋಗ ಆ ಕೈಯನ್ನು ಕತ್ತರಿಸಿ ಎಸೆಯುತ್ತದೆ. ಆಡುಮಾತಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಪಕ್ಕದ ಮನೆಯವರು ‘ನಮ್ಮ ಕೋಳಿ ಕದಿಯಲಾಗಿದೆ ಎನ್ನಲಾಗಿದೆ’ ಎಂದರೆ ಕೇಳಿದವರು ಬೆಪ್ಪಾಗುತ್ತಾರೆ.

ಆಡುಗನ್ನಡದಲ್ಲಿ ಇಂಗ್ಲಿಷಿಗೆ ಇಲ್ಲದ ಒಂದು ಸಲಕರಣೆಯಿದೆ, ಅದು ‘ಅಂತೆ’. ‘ಅವನು ದುಡ್ಡು ತಿಂದನಂತೆ’ ಎಂದಾಗ ಹೇಳುವವರು ಕಣ್ಣಾರೆ ಕಂಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಾರೆ ಎಂದು ಹಳ್ಳಿಯ ಮಗುವಿಗೂ ಗೊತ್ತು. ಅದರ ಬೆನ್ನಿಗೇ ಕೇಳುಗರ ಪ್ರಶ್ನೆಯೂ ಬರುತ್ತದೆ: ‘ಯಾರು ಹೇಳಿದ್ದು?’ ಪತ್ರಿಕೆಯ ಕನ್ನಡ ಈ ಪ್ರತ್ಯಯವನ್ನು ಆಡುಮಾತೆಂದು ಹೊರಗಿಟ್ಟು, ಅದರ ಜಾಗಕ್ಕೆ ‘ಎನ್ನಲಾಗಿದೆ’ಯನ್ನು ತಂದು ಕೂರಿಸಿತು. ‘ಅಂತೆ ಕಂತೆ’ ಎಂದು ಜನ ತಾವೇ ಅನುಮಾನಿಸುತ್ತಿದ್ದ ಮಾತಿಗೆ ಇಸ್ತ್ರಿ ಮಾಡಿದ ಅಂಗಿ ಸಿಕ್ಕಿತು. ಅಂಗಿ ಬದಲಾದ ಮೇಲೆ ‘ಯಾರು ಹೇಳಿದ್ದು’ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ.

‘ಆರೋಪಿ’ ಎಂಬ ಪದವೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ರೋಗವಿದ್ದವನು ರೋಗಿ, ಅಪರಾಧ ಮಾಡಿದವನು ಅಪರಾಧಿ. ಅದೇ ಜಾಡಿನಲ್ಲಿ ಆರೋಪಿ ಎಂದಾಗ ಆರೋಪ ಅವನ ಒಳಗಿನ ಗುಣವೆಂಬಂತೆ ಕಿವಿಗೆ ಕೇಳುತ್ತದೆ. ಆರೋಪಿ, ಅಪರಾಧಿ ಎರಡೂ ಕೇಳುವವರ ಮನಸ್ಸಿನಲ್ಲಿ ಬೆರೆತುಹೋಗುವುದಕ್ಕೆ ಈ ಇಕಾರವೂ ಒಂದು ಕಾರಣ. ‘ಆರೋಪಿತ’, ‘ಆಪಾದಿತ’ ಎಂಬ ರೂಪಗಳು ಕೋರ್ಟಿನ ಕಾಗದಗಳಲ್ಲಿ ಇನ್ನೂ ಉಳಿದಿವೆ. ಅವು ಹೆಚ್ಚು ಪ್ರಾಮಾಣಿಕ. ಇನ್ನೊಬ್ಬರು ಅವನ ಮೇಲೆ ಏನನ್ನೋ ಹೊರಿಸಿದ್ದಾರೆ ಎಂದು ಆ ತಕಾರ ಸಾರಿ ಹೇಳುತ್ತದೆ. ಅಪರಾಧ ವರದಿಯ ಶಬ್ದಕೋಶದಲ್ಲಿ ಅವಕ್ಕೆ ಜಾಗವಿಲ್ಲ. ‘ಖದೀಮ’, ‘ಕಿರಾತಕ’, ‘ಕಾಮುಕ’ ಎಂಬವಕ್ಕೆ ಬೇಕಾದಷ್ಟಿದೆ.

ಒಂದೇ ದಿನದ ಒಂದೇ ಪುಟದಲ್ಲಿ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಠಾಣೆಯಿಂದ ಬಂದ ಮಾತಾದರೆ ಕೊನೆಗೆ ‘ಎಂದು ಪೊಲೀಸರು ತಿಳಿಸಿದ್ದಾರೆ’ ಎಂದಿರುತ್ತದೆ. ಪೊಲೀಸರ ವಿರುದ್ಧ, ಆಸ್ಪತ್ರೆಯ ವಿರುದ್ಧ, ಗುತ್ತಿಗೆದಾರರ ವಿರುದ್ಧ ಬಂದ ಮಾತಾದರೆ ‘ಎಂದು ಕುಟುಂಬದವರು ಆರೋಪಿಸಿದ್ದಾರೆ’ ಎಂದಿರುತ್ತದೆ. ತಿಳಿಸುವುದು ಸತ್ಯವನ್ನು, ಆರೋಪಿಸುವುದು ಇನ್ನೂ ಸಾಬೀತಾಗದ್ದನ್ನು. ಠಾಣಾಧಿಕಾರಿಯ ಮಾತೂ ಸಾಬೀತಾಗಿಲ್ಲ, ಸತ್ತವನ ತಾಯಿಯ ಮಾತೂ ಸಾಬೀತಾಗಿಲ್ಲ. ಕ್ರಿಯಾಪದ ಮಾತ್ರ ಒಬ್ಬರನ್ನು ಸಾಕ್ಷಿಯಾಗಿ, ಇನ್ನೊಬ್ಬರನ್ನು ದೂರುಕೋರರಾಗಿ ಮಾಡಿ ಕೂರಿಸುತ್ತದೆ. ‘ಆರೋಪಿಸು’ ಎಂಬುದು ಎಚ್ಚರದ ಪದವಾಗಿದ್ದರೆ ಆ ಎಚ್ಚರ ಇಬ್ಬರಿಗೂ ಸಲ್ಲಬೇಕಿತ್ತು. ಆಗುತ್ತಿರುವುದು ಅದಲ್ಲ. ಬಲ ಇದ್ದವರ ಮಾತಿಗೆ ಮುದ್ರೆ ಬೀಳುತ್ತಿದೆ, ಇಲ್ಲದವರ ಮಾತಿಗೆ ಅನುಮಾನ ಅಂಟುತ್ತಿದೆ.

ಅನುಮಾನ ತಪ್ಪು ಜಾಗದಲ್ಲಿ ಅಂಟಿದರೆ ಗಾಯವಾಗುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ‘ಹಲ್ಲೆಗೊಳಗಾದರು ಎನ್ನಲಾದ ಮಹಿಳೆ’ ಎಂಬ ವಾಕ್ಯದಲ್ಲಿ ಅನುಮಾನ ಆಕೆಯ ಮೇಲೆ ಬೀಳುತ್ತದೆ. ಆಕೆಯ ಕೈ ಮುರಿದಿರುವುದನ್ನು ವೈದ್ಯರೇ ದಾಖಲಿಸಿದ್ದರೆ ಹಲ್ಲೆ ನಡೆದದ್ದರಲ್ಲಿ ಅನುಮಾನವೇನೂ ಇಲ್ಲ. ಯಾರು ಮಾಡಿದರು ಎಂಬುದಷ್ಟೇ ಇನ್ನೂ ಗೊತ್ತಾಗಬೇಕು. ಅಸೋಸಿಯೇಟೆಡ್ ಪ್ರೆಸ್‌ನ ಕೈಪಿಡಿಯಲ್ಲಿ ಇದಕ್ಕೂ ಸೂಚನೆಯಿದೆ: ನಡೆದದ್ದು ಖಚಿತವಿದ್ದು ಪಾಲ್ಗೊಂಡವರ ಬಗ್ಗೆ ಮಾತ್ರ ವಿವಾದವಿದ್ದರೆ ಘಟನೆಗೆ ‘ಅಲೆಜೆಡ್’ ಅಂಟಿಸಬೇಡಿ.

ಹೊರಿಸಿದವರ ಹೆಸರು ಏಕೆ ಬೇಕು ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಡಾ. ಮೊಹಮ್ಮದ್ ಹನೀಫ್. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದ ಕಫೀಲ್ ಅಹ್ಮದ್ ಅವರ ದೂರದ ಸಂಬಂಧಿ. ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರ ಬಂಧನವಾಯಿತು. ಪೊಲೀಸರು ಹನ್ನೆರಡು ದಿನ ಆರೋಪವನ್ನೇ ಹೊರಿಸದೆ ಇಟ್ಟುಕೊಂಡು, ಜುಲೈ 14ರಂದು ಭಯೋತ್ಪಾದಕ ಸಂಘಟನೆಗೆ ನೆರವಾದ ಆರೋಪ ದಾಖಲಿಸಿದರು. ಬ್ರಿಟನ್ ಬಿಡುವಾಗ ತಮ್ಮ ಮೊಬೈಲ್ ಸಿಮ್ ಅನ್ನು ಕಫೀಲನ ಸಹೋದರನಿಗೆ ಕೊಟ್ಟುಬಂದದ್ದೇ ಆ ನೆರವು. ಆ ಸಿಮ್ ಗ್ಲಾಸ್ಗೊದ ಜೀಪಿನಲ್ಲಿ ಸಿಕ್ಕಿತು ಎಂದು ಸರ್ಕಾರಿ ವಕೀಲರು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರು. ಜುಲೈ 16ರಂದು ಜಾಮೀನು ಸಿಕ್ಕಿತು. ಅದೇ ದಿನ ವಲಸೆ ಸಚಿವರು ವೀಸಾ ರದ್ದುಮಾಡಿದರು.

ಇಲ್ಲಿ ಎರಡು ಬಗೆಯ ಮಾತುಗಳು ಹರಿದಾಡಿದವು. ಒಂದು, ಹೆಸರಿಲ್ಲದ ಮೂಲಗಳದ್ದು: ಗೋಲ್ಡ್ ಕೋಸ್ಟ್‌ನ ದೊಡ್ಡ ಕಟ್ಟಡವೊಂದರ ಮೇಲೆ ದಾಳಿಯ ಸಂಚಿತ್ತು ಎಂಬಂಥವು. ಫೆಡರಲ್ ಪೊಲೀಸ್ ಮುಖ್ಯಸ್ಥರೇ ಅದನ್ನು ಅಲ್ಲಗಳೆದರು, ಆದರೆ ಹೇಳಿದವರು ಯಾರೆಂದು ಇಲ್ಲದ ಕಾರಣ ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಇನ್ನೊಂದು, ಸರ್ಕಾರಿ ವಕೀಲರು ತೆರೆದ ನ್ಯಾಯಾಲಯದಲ್ಲಿ ಹೇಳಿದ ಸಿಮ್‌ನ ಮಾತು. ಅದಕ್ಕೆ ವಾರಸುದಾರರಿದ್ದರು, ತಾರೀಖಿತ್ತು, ಜಾಗದ ಹೆಸರಿತ್ತು. ಹಾಗಿದ್ದದ್ದರಿಂದಲೇ ಅದನ್ನು ಒರೆಗೆ ಹಚ್ಚಲು ಸಾಧ್ಯವಾಯಿತು. ಆಸ್ಟ್ರೇಲಿಯಾದ ಎಬಿಸಿ ಸುದ್ದಿಸಂಸ್ಥೆಯ ವರದಿಗಾರ ಒರೆಗೆ ಹಚ್ಚಿದರು. ಸಿಮ್ ಸಿಕ್ಕಿದ್ದು ಗ್ಲಾಸ್ಗೊದ ಜೀಪಿನಲ್ಲಲ್ಲ, ಮುನ್ನೂರು ಕಿಲೋಮೀಟರಿಗೂ ದೂರದ ಲಿವರ್‌ಪೂಲಿನಲ್ಲಿ. ಜುಲೈ 27ರಂದು ಸರ್ಕಾರ ಆರೋಪ ಹಿಂತೆಗೆದುಕೊಂಡಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ನಡೆಸಿದ ವಿಚಾರಣೆ ಹನೀಫ್ ಮೇಲೆ ಬಂದ ಆರೋಪಕ್ಕೆ ಆಧಾರವಿರಲಿಲ್ಲ ಎಂದಿತು. 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟು ಪ್ರಕರಣ ಮುಗಿಸಿತು.

ಮಾತಿಗೆ ವಾರಸುದಾರರನ್ನು ಕೇಳಬೇಕಾದದ್ದು ಇದಕ್ಕಾಗಿ. ‘ಸಿಮ್ ಜೀಪಿನಲ್ಲಿ ಪತ್ತೆಯಾಗಿದೆ ಎನ್ನಲಾಗಿದೆ’ ಎಂದಷ್ಟೇ ಇದ್ದಿದ್ದರೆ ಸುಳ್ಳು ಹೊರಬಿದ್ದ ದಿನ ಯಾರನ್ನೂ ಕೇಳುವಂತಿರಲಿಲ್ಲ.

ಪದ ಸರಿಯಿದ್ದರೂ ಸಾಲದು ಎಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲಿನ ಕ್ರಿಸ್ಟಫರ್ ಜೆಫರೀಸ್ ಸಾಕ್ಷಿ. 2010ರ ಕೊನೆಯಲ್ಲಿ ತಮ್ಮ ಬಾಡಿಗೆದಾರಳ ಕೊಲೆಯ ಶಂಕೆಯ ಮೇಲೆ ಬಂಧಿತರಾದ ಈ ನಿವೃತ್ತ ಶಿಕ್ಷಕರನ್ನು ಪತ್ರಿಕೆಗಳು ಕೊಲೆಗಾರ ಎನ್ನಲಿಲ್ಲ. ಅವರ ಕೂದಲು, ನಡೆನುಡಿ, ಒಂಟಿತನ ಎಲ್ಲವನ್ನೂ ಹರಡಿ ಕೂತವು. ಕೊಲೆ ಮಾಡಿದ್ದು ಬೇರೊಬ್ಬ. 2011ರಲ್ಲಿ ಎಂಟು ಪತ್ರಿಕೆಗಳು ಜೆಫರೀಸ್‌ಗೆ ಮಾನನಷ್ಟ ಪರಿಹಾರ ಕೊಟ್ಟವು. ನ್ಯಾಯಾಂಗ ನಿಂದನೆಗಾಗಿ ಡೈಲಿ ಮಿರರ್‌ಗೆ 50,000 ಪೌಂಡ್, ಸನ್‌ಗೆ 18,000 ಪೌಂಡ್ ದಂಡ ಬಿತ್ತು.

ಇಷ್ಟೆಲ್ಲ ನಾಜೂಕು ಮಾಡಿದರೆ ಬಲಾಢ್ಯರ ತಪ್ಪು ಹೊರಗೆ ಬರುವುದೇ ಇಲ್ಲ ಎಂಬ ಆಕ್ಷೇಪ ಗಂಭೀರವಾದದ್ದು. ಅದಕ್ಕೆ ಉತ್ತರ ಕೊಡಲೇಬೇಕು. ಬಲಾಢ್ಯರು ಹೆದರುವುದು ‘ಎನ್ನಲಾಗಿದೆ’ಗೆ ಅಲ್ಲ. ಅದನ್ನು ಅವರು ಒಂದು ವಕೀಲರ ನೋಟಿಸಿನಲ್ಲಿ ಅಳಿಸಿಹಾಕಬಲ್ಲರು. ಅವರು ಹೆದರುವುದು ಲೋಕಾಯುಕ್ತದ ಮುಂದಿರುವ ದೂರಿಗೆ, ಮಹಾಲೇಖಪಾಲರ ವರದಿಯ ಪುಟಸಂಖ್ಯೆಗೆ, ಪ್ರಮಾಣಪತ್ರದಲ್ಲಿ ಸಹಿ ಹಾಕಿದ ಒಬ್ಬ ನೌಕರನಿಗೆ. ಮೂಲ ಹೇಳಿ ಬರೆದ ವರದಿಯೇ ಬಲಾಢ್ಯರ ವಿರುದ್ಧ ಹೆಚ್ಚು ದಿನ ನಿಲ್ಲುತ್ತದೆ. ಜೀವಭಯವಿದ್ದು ಹೆಸರು ಹೇಳಲಾಗದ ಮೂಲವೂ ಇರುತ್ತದೆ, ನಿಜ. ಅಂಥಲ್ಲಿಯೂ ಆತ ಯಾವ ಕಚೇರಿಯವನು, ಕಣ್ಣಾರೆ ಕಂಡವನೋ ಕೇಳಿ ಹೇಳಿದವನೋ, ಹೆಸರು ಏಕೆ ಮುಚ್ಚಿಟ್ಟಿದೆ ಎಂದು ಬರೆಯಬಹುದು. ತಡರಾತ್ರಿಯ ಗಡುವಿನ ನೆಪವೂ ನಿಲ್ಲುವುದಿಲ್ಲ. ‘ಎನ್ನಲಾಗಿದೆ’ ಬರೆಯಲು ಬೇಕಾದ ಸಮಯದಲ್ಲೇ ‘ಎಂದು ಮೃತಳ ಅಣ್ಣ ದೂರಿನಲ್ಲಿ ಹೇಳಿದ್ದಾರೆ’ ಎಂದು ಬರೆಯಬಹುದು.

ಹಂತಗಳನ್ನು ಹೆಸರಿಸಲು ಬೇಕಾದ ಪದಗಳೂ ಕನ್ನಡದಲ್ಲಿ ಎಲ್ಲ ಇವೆ. ಎಫ್‌ಐಆರ್ ಎಂದರೆ ಒಬ್ಬರು ಕೊಟ್ಟ ಮಾಹಿತಿ, ಅಷ್ಟೇ. ಗಂಭೀರ ಸ್ವರೂಪದ, ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ದೂರು ಬಂದರೆ ಪೊಲೀಸರು ಅದನ್ನು ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ 2013ರಲ್ಲಿ ಹೇಳಿದೆ. ಹಾಗಾಗಿ ದಾಖಲಾದ ಮಾತ್ರಕ್ಕೆ ಪೊಲೀಸರೇ ನಂಬಿದ್ದಾರೆ ಎಂದೂ ಅರ್ಥವಲ್ಲ. ಬಂಧನ ಎಂದರೆ ಶಂಕೆ. ದೋಷಾರೋಪ ಪಟ್ಟಿ ಎಂದರೆ ತನಿಖಾಧಿಕಾರಿಯ ವಾದ. ‘ವಿಚಾರಣೆ ವೇಳೆ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಪ್ರತಿದಿನದ ವಾಕ್ಯಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ, ಏಕೆಂದರೆ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತು ಮಾಡುವಂತಿಲ್ಲ. ಸಾಕ್ಷ್ಯ ಕಾಯಿದೆಯ 25ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ತಲೆಬರಹದಲ್ಲಿ ‘ಪತ್ನಿ ಕೊಲೆ: ಪತಿ ಬಂಧನ’ ಎಂದರೆ ಸಂಗತಿ ಎರಡೂ ಬಂದವು, ಅಕ್ಷರವೂ ಉಳಿಯಿತು, ತೀರ್ಪು ಕೊಡುವ ಕೆಲಸ ನ್ಯಾಯಾಧೀಶರಿಗೆ ಉಳಿಯಿತು.

ತೀರ್ಪಿಗೆ ಮೊದಲೇ ತೀರ್ಪು ಕೊಟ್ಟ ಪದಗಳ ಬೆಲೆ ಏನೆಂದು ಪತ್ರಕರ್ತರಿಗೇ ತಿಳಿಯುವಂಥದ್ದೊಂದು ಬೆಂಗಳೂರಿನಲ್ಲಿ ನಡೆದಿದೆ. 2012ರ ಆಗಸ್ಟಿನ ಕೊನೆಯಲ್ಲಿ ಇಲ್ಲಿನ ಒಂದು ಇಂಗ್ಲಿಷ್ ದಿನಪತ್ರಿಕೆಯ ಯುವ ವರದಿಗಾರರೊಬ್ಬರನ್ನು ಹತ್ಯೆ ಸಂಚಿನ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಅವರೇ ಸಂಚಿನ ಸೂತ್ರಧಾರ ಎಂಬ ಸುದ್ದಿ ಊರೆಲ್ಲ ಹರಡಿತು. ರಾಷ್ಟ್ರೀಯ ತನಿಖಾ ದಳ ದೋಷಾರೋಪ ಪಟ್ಟಿ ಸಲ್ಲಿಸಿದಾಗ ಅದರಲ್ಲಿ ಅವರ ಹೆಸರಿರಲಿಲ್ಲ, ಸಾಕ್ಷ್ಯ ಸಿಕ್ಕಿರಲಿಲ್ಲ. ಸುಮಾರು ಆರು ತಿಂಗಳು ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದು, 2013ರ ಫೆಬ್ರುವರಿಯಲ್ಲಿ ಅವರು ಹೊರಬಂದರು. ಬಂದವರು ಅದೇ ನಗರದ ಪತ್ರಕರ್ತರ ಎದುರು ಕುಳಿತು, ತಮ್ಮ ಬಗ್ಗೆ ಬರೆದದ್ದನ್ನು ಪ್ರಶ್ನಿಸಿದರು.